ಕಾರಿನ ಕಾಟವಿಲ್ಲದೆ ಫ್ರಾನ್ಸ್‌ನ ಹಳ್ಳಿಗಾಡು: ಸೈಕಲ್ ಪ್ರವಾಸಕ್ಕೊಂದು ಸಮಗ್ರ ಮಾರ್ಗದರ್ಶಿ

ಫ್ರಾನ್ಸ್‌ನಲ್ಲಿ ಸೈಕಲ್ ಪ್ರವಾಸ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಲುವಾರ್ ನದಿಯ ಹೆಸರು. ಅರಮನೆಗಳ ಸಾಲು, ದ್ರಾಕ್ಷಿ ತೋಟ, 900 ಕಿಲೋಮೀಟರ್ ದಾರಿ. ಚೆನ್ನಾಗಿದೆ, ಎರಡು ಮಾತಿಲ್ಲ. ಆದರೆ ಅದು ಪೂರ್ತಿ ಕಾರಿಲ್ಲದ ದಾರಿ ಅಲ್ಲ. ಎಷ್ಟೋ ಕಡೆ ಹಳ್ಳಿಯ ಸಣ್ಣ ರಸ್ತೆಯಲ್ಲೇ ಹೋಗುತ್ತದೆ. ವಾಹನ ಕಡಿಮೆ ನಿಜ, ಇಲ್ಲವೇ ಇಲ್ಲ ಅಂತಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ಅಥವಾ ನಮ್ಮ ಊರಿನ ಹಾರ್ನ್ ಕೇಳಿ ಕೇಳಿ ಸಾಕಾಗಿ ಹೊರಟವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟೆ: ದಾರಿಯ ಹೆಸರು ನೋಡಿ ಆರಿಸಬೇಡಿ, ಅದರ ಕೆಳಗಿನ ನೆಲ ನೋಡಿ ಆರಿಸಿ. ಕೆಳಗೆ ಹಳೇ ರೈಲು ಮಾರ್ಗವೋ ಕಾಲುವೆ ಏರಿಯೋ ಇದ್ದರೆ ಕಣ್ಣು ಮುಚ್ಚಿ ಹೊರಡಿ. ಬೇರೆ ಏನಿದ್ದರೂ ಎರಡು ಸಲ ಮ್ಯಾಪ್ ನೋಡಿ.

ಹಂತ 1: ಯಾವ ದಾರಿಗೆ ಕಾರು ಬರುವಂತಿಲ್ಲ ಅಂತ ಗುರುತಿಸಿ

ಫ್ರಾನ್ಸ್‌ನಲ್ಲಿ ಸೈಕಲ್ ದಾರಿಗಳಿಗೆ ಎರಡು ಹೆಸರು ಜಾಸ್ತಿ ಕೇಳಿಬರುತ್ತವೆ. ಒಂದು 'ವೆಲೊರೂಟ್', ಇನ್ನೊಂದು 'ವುವಾ ವೆರ್ತ್'. ವೆಲೊರೂಟ್ ಅಂದರೆ ದೂರದ ಸೈಕಲ್ ಮಾರ್ಗ, ಅಷ್ಟೆ. ಅದರಲ್ಲಿ ಸಣ್ಣ ರಸ್ತೆ, ಸೈಕಲ್ ಪಟ್ಟಿ, ಮಣ್ಣು ದಾರಿ ಎಲ್ಲ ಸೇರಿರಬಹುದು. ವುವಾ ವೆರ್ತ್ ಹಾಗಲ್ಲ. 2004ರಿಂದ ಅದಕ್ಕೆ ಸಂಚಾರ ನಿಯಮದಲ್ಲೇ ಜಾಗ ಇದೆ. ಮೋಟಾರು ವಾಹನ ಅಲ್ಲಿಗೆ ಬರುವಂತಿಲ್ಲ. ಸೈಕಲ್, ನಡೆಯುವವರು, ಸ್ಕೇಟ್ ಮಾಡುವವರು, ಕೆಲವು ಕಡೆ ಕುದುರೆ, ಇಷ್ಟೇ.

ದಾರಿ ಶುರುವಾಗುವ ಜಾಗದಲ್ಲಿ ನೀಲಿ ಚೌಕದ ಫಲಕ ಇರುತ್ತದೆ. ಸೈಕಲ್ ಮತ್ತು ನಡೆಯುವವರ ಚಿತ್ರ ಬಿಳಿ ಬಣ್ಣದಲ್ಲಿ. ಅದೇ ಫಲಕಕ್ಕೆ ಅಡ್ಡ ಗೆರೆ ಎಳೆದಿದ್ದರೆ ಮುಂದೆ ಕಾರುಗಳ ಜೊತೆ ಹೋಗಬೇಕು ಅಂತ. ಈ ಗೆರೆ ನೋಡುವ ಅಭ್ಯಾಸ ಮೊದಲ ದಿನವೇ ಆಗಲಿ.

ಮನೆಯಲ್ಲಿ ಕೂತು ಯೋಜನೆ ಮಾಡುವಾಗ ಎರಡು ಕಡೆ ನೋಡಿ. 'ಫ್ರಾನ್ಸ್ ವೆಲೊ ಟೂರಿಸ್ಮ್' ತಾಣದಲ್ಲಿ ಪ್ರತಿ ದಿನದ ಹಾದಿಯನ್ನೂ ಬೇರೆ ಬೇರೆ ತೋರಿಸುತ್ತಾರೆ, ಎಲ್ಲಿ ಪ್ರತ್ಯೇಕ ದಾರಿ, ಎಲ್ಲಿ ರಸ್ತೆ ಅನ್ನುವುದು ಬಣ್ಣದಿಂದಲೇ ತಿಳಿಯುತ್ತದೆ. ಫೋನಿನ ಮ್ಯಾಪ್‌ನಲ್ಲಿ ಹಾದಿ ತೋರಿಸುವ ಜಿಪಿಎಕ್ಸ್ ಫೈಲನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ಇನ್ನೊಂದು 'ಎಎಫ್3ವಿ' ಅನ್ನುವ ಸಂಘ. ಇಂಥ ದಾರಿಗಳಿಗಾಗಿಯೇ ಕೆಲಸ ಮಾಡುವ ಇವರು ದೇಶದ ಪೂರ್ತಿ ನಕ್ಷೆ ಇಟ್ಟಿದ್ದಾರೆ. ಫೋನಿನಲ್ಲಿ ನೆಟ್ ಇಲ್ಲದೆಯೂ ನಡೆಯುವ ಓಸ್ಮಾಂಡ್‌ನಂಥ ಮ್ಯಾಪ್ ಒಂದಿದ್ದರೆ ಸಾಕು. ಕಾಲುವೆ ಮೇಲೆ ದಾರಿ ತಪ್ಪುವುದು ಕಷ್ಟ. ತಪ್ಪುವುದೆಲ್ಲ ಊರೊಳಗೆ.

ಹಂತ 2: ದಾರಿ ಆರಿಸಿ

ಆಯ್ಕೆ ಬೇಕಾದಷ್ಟಿದೆ. ಕಾರು ಇಲ್ಲದಿರುವುದೇ ಮೊದಲ ಷರತ್ತು ಅಂದರೆ ನಾನು ಮೂರನ್ನು ಮುಂದಿಡುತ್ತೇನೆ.

ನಾಲ್ಕೇ ದಿನ ರಜೆ ಇದ್ದರೆ ಬರ್ಗಂಡಿ. ಶಾಲೋನ್‌ನಿಂದ ಮಾಕೋನ್ ತನಕ ಹಳೇ ರೈಲು ಮಾರ್ಗದ ಮೇಲೆ ಸುಮಾರು 70 ಕಿಲೋಮೀಟರ್. ಇದರಲ್ಲಿ ಜಿವ್ರಿಯಿಂದ ಕ್ಲೂನಿವರೆಗಿನ 44 ಕಿಲೋಮೀಟರ್ 1997ರಲ್ಲಿ ತೆರೆಯಿತು. ಫ್ರಾನ್ಸ್‌ನ ಮೊದಲ ವುವಾ ವೆರ್ತ್ ಅದೇ. ಹಳೇ ಸ್ಟೇಷನ್ ಕಟ್ಟಡಗಳು ಹಾಗೇ ನಿಂತಿವೆ. ರೈಲಿಗಾಗಿ ಮಾಡಿದ ದಾರಿ ಆದ್ದರಿಂದ ಏರು ಗೊತ್ತೇ ಆಗುವುದಿಲ್ಲ. ಕ್ಲೂನಿ ದಾಟಿದ ಮೇಲೆ ಬುವಾ ಕ್ಲೇರ್ ಅನ್ನುವ ಸುರಂಗ ಬರುತ್ತದೆ, ಸುಮಾರು 1.6 ಕಿಲೋಮೀಟರ್ ಉದ್ದ. ಹೊರಗೆ ಸುಡುವ ಬಿಸಿಲಿದ್ದರೂ ಒಳಗೆ ಜಾಕೆಟ್ ಹಾಕಿಕೊಳ್ಳುವಷ್ಟು ಚಳಿ. ಚಳಿಗಾಲದಲ್ಲಿ ಬಾವಲಿಗಳು ಮಲಗುತ್ತವೆ ಅಂತ ಸುರಂಗ ಮುಚ್ಚುತ್ತಾರೆ. ಆಗ ಗುಡ್ಡ ಹತ್ತಿ ಇಳಿಯಬೇಕು.

ಕಾಡು, ಮಂಜು, ತಂಪು ಹವೆ ಬೇಕು ಅನ್ನುವವರಿಗೆ ಬ್ರಿಟನಿಯ ನಾಂತ್–ಬ್ರೆಸ್ಟ್ ಕಾಲುವೆ. ಸುಮಾರು 360 ಕಿಲೋಮೀಟರ್. ಸಮುದ್ರದಲ್ಲಿ ಬ್ರಿಟಿಷ್ ಹಡಗುಗಳು ಅಡ್ಡಗಟ್ಟಿದ್ದವು, ಒಳನಾಡಿನಿಂದಲೇ ಬಂದರುಗಳನ್ನು ಜೋಡಿಸೋಣ ಅಂತ ನೆಪೋಲಿಯನ್ ಕಾಲದಲ್ಲಿ ಶುರುವಾದ ಕೆಲಸ ಇದು. ಮುಗಿಯುವಷ್ಟರಲ್ಲಿ 1842 ಆಗಿತ್ತು, ಯುದ್ಧವೂ ಇರಲಿಲ್ಲ, ನೆಪೋಲಿಯನ್ನೂ ಇರಲಿಲ್ಲ. ಜೋಸ್ಲಾನ್ ಊರಿನಲ್ಲಿ ಕೋಟೆಯ ಗೋಪುರಗಳು ನೇರ ನೀರಿನ ಅಂಚಿನಿಂದಲೇ ಎದ್ದು ನಿಂತಿವೆ. ದಾರಿ ಬಹುಪಾಲು ಗಟ್ಟಿ ಮಣ್ಣು ಮತ್ತು ಸಣ್ಣ ಜಲ್ಲಿ. ಮಳೆ ಬಂದರೆ ಸೈಕಲ್ ಚೈನು ಒಂದೇ ದಿನಕ್ಕೆ ಕಿರ್ರೆನ್ನುತ್ತದೆ.

ಮೂರನೆಯದು ಬೋರ್ಡೊದಿಂದ ತುಲೂಸ್, ಬಹುಪಾಲು ಗರಾನ್ ನದಿಯ ಕಣಿವೆಯ ಗರಾನ್ ಕಾಲುವೆ ಹಿಡಿದು. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಸುಮಾರು 270 ಕಿಲೋಮೀಟರ್, ಹೆಚ್ಚು ಕಡಿಮೆ ಪೂರ್ತಿ ಡಾಂಬರು, ಎರಡೂ ತುದಿಯಲ್ಲಿ ದೊಡ್ಡ ರೈಲು ನಿಲ್ದಾಣ, ನಡುವೆ ಎಲ್ಲಿ ಸುಸ್ತಾದರೂ ಹತ್ತಿರದಲ್ಲೇ ರೈಲು. ಮುಂದಿನ ಹಂತಗಳನ್ನೆಲ್ಲ ಈ ದಾರಿಯನ್ನೇ ಇಟ್ಟುಕೊಂಡು ಬರೆದಿದ್ದೇನೆ. ಬೇರೆ ಕಡೆ ಹೋಗುವವರಿಗೂ ಮುಕ್ಕಾಲು ಪಾಲು ಅನ್ವಯಿಸುತ್ತದೆ.

ಹಂತ 3: ತಿಂಗಳು ಮತ್ತು ಗಾಳಿ

ಮೇ, ಜೂನ್, ಸೆಪ್ಟೆಂಬರ್. ಇವಿಷ್ಟೇ ನೆನಪಿಟ್ಟುಕೊಳ್ಳಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ, ಆತುರವೇ ಇಲ್ಲ. ಜುಲೈ, ಆಗಸ್ಟ್ ಅಲ್ಲಿನ ಶಾಲೆಗಳ ರಜೆ. ಕ್ಯಾಂಪಿಂಗ್ ಜಾಗ ತುಂಬಿರುತ್ತದೆ, ರೈಲಿನಲ್ಲಿ ಸೈಕಲ್‌ಗೆ ಜಾಗ ಸಿಗುವುದಿಲ್ಲ, ಗರಾನ್ ಕಣಿವೆಯಲ್ಲಿ ಬಿಸಿಲೂ ಜೋರು. "ನಾವು ರಾಯಚೂರಿನವರು, ಬಿಸಿಲು ಏನು ಮಹಾ" ಅನ್ನಬೇಡಿ. ಅಲ್ಲಿ ಮಧ್ಯಾಹ್ನ ಎರಡಕ್ಕೆ ತಂಪಾದದ್ದು ಕೊಳ್ಳೋಣ ಅಂದರೆ ಅಂಗಡಿ ಬಾಗಿಲು ಹಾಕಿರುತ್ತದೆ.

ಚಪ್ಪಟೆ ದಾರಿಯಲ್ಲಿ ಗುಡ್ಡದ ಕೆಲಸವನ್ನು ಗಾಳಿ ಮಾಡುತ್ತದೆ. ಆದ್ದರಿಂದ ಯಾವ ಕಡೆಯಿಂದ ಯಾವ ಕಡೆಗೆ ಹೋಗಬೇಕು ಅನ್ನುವುದನ್ನು ಗಾಳಿ ನೋಡಿ ತೀರ್ಮಾನಿಸಿ. ಪಶ್ಚಿಮ ಫ್ರಾನ್ಸ್‌ನಲ್ಲಿ ಗಾಳಿ ಬಹುಪಾಲು ಸಮುದ್ರದ ಕಡೆಯಿಂದ ಬೀಸುತ್ತದೆ. ಅದಕ್ಕೇ ಬೋರ್ಡೊದಿಂದ ಹೊರಟು ಪೂರ್ವಕ್ಕೆ ಹೋಗುವುದು ವಾಸಿ. ತುಲೂಸ್ ಸುತ್ತಮುತ್ತ ಮಾತ್ರ 'ಓತಾನ್' ಅನ್ನುವ ಆಗ್ನೇಯ ಗಾಳಿ ಇದೆ. ಅದು ಎದುರಿಗೆ ಬಂತೆಂದರೆ ಒಂದು ದಿನ ಸುಮ್ನೆ ಊರು ನೋಡಿಕೊಂಡು ಇದ್ದುಬಿಡಿ. ರೋನ್ ನದಿಯ ಪಕ್ಕದ ವಿಯಾರೋನಾ ದಾರಿ ಹಿಡಿಯುವವರು ಉತ್ತರದಿಂದ ದಕ್ಷಿಣಕ್ಕೇ ಹೋಗಬೇಕು. ಅಲ್ಲಿ ಮಿಸ್ತ್ರಾಲ್ ಗಾಳಿ ಉತ್ತರದಿಂದ ಬರುತ್ತದೆ, ಅದರ ಎದುರು ತುಳಿಯುವುದು ಶಿಕ್ಷೆ.

ಹಂತ 4: ವೀಸಾ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಕೇಂದ್ರದವರ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ವಿಮೆ ಕೊಳ್ಳುವಾಗ ಸೈಕಲ್ ಪ್ರವಾಸಕ್ಕೂ ಅನ್ವಯಿಸುತ್ತದೆಯೇ ಅಂತ ಕೇಳಿ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಸೈಕಲ್ ಪ್ರವಾಸಿಗರಿಗೆ ತೊಡಕಾಗುವುದು ಒಂದೇ: ಪ್ರತಿ ರಾತ್ರಿ ಎಲ್ಲಿ ಉಳಿಯುತ್ತೀರಿ ಅನ್ನುವುದಕ್ಕೆ ದಾಖಲೆ. "ಎಲ್ಲಿ ಸಂಜೆಯಾಗುತ್ತದೋ ಅಲ್ಲಿ ಟೆಂಟ್ ಹಾಕುತ್ತೇನೆ" ಅಂತ ಬರೆದುಕೊಡಲು ಆಗುವುದಿಲ್ಲ. ಮೊದಲು ದಿನದಿನದ ಯೋಜನೆ ಮಾಡಿ, ಆ ಊರುಗಳಲ್ಲೇ ಕೋಣೆಯೋ ಕ್ಯಾಂಪಿಂಗ್ ಜಾಗವೋ ಕಾಯ್ದಿರಿಸಿ, ಒಂದು ಪುಟದ ಪಟ್ಟಿ ಮಾಡಿ ಲಗತ್ತಿಸಿ. ದಾರಿಯ ಹೆಸರು, ಊರು, ದೂರ, ತಂಗುವ ಜಾಗ. ಓದುವವರಿಗೂ ಅರ್ಥವಾಗುತ್ತದೆ, ನಿಮಗೂ ಯೋಜನೆ ಗಟ್ಟಿಯಾಗುತ್ತದೆ.

ಹಂತ 5: ಸೈಕಲ್ ಒಯ್ಯುವುದೋ, ಬಾಡಿಗೆಯೋ?

ಒಂದು ವಾರದ ಪ್ರವಾಸವಾದರೆ ಬಾಡಿಗೆಯೇ ಸರಿ. ಬೋರ್ಡೊದಲ್ಲಿ ತೆಗೆದುಕೊಂಡು ತುಲೂಸ್‌ನಲ್ಲಿ ಬಿಡುವ ವ್ಯವಸ್ಥೆ ಇರುವ ಅಂಗಡಿಗಳಿವೆ. ಬೇಸಿಗೆಗಾದರೆ ತಿಂಗಳುಗಟ್ಟಲೆ ಮುಂಚೆ ಕೇಳಿ. ಕ್ಯಾರಿಯರ್, ಸೈಡ್ ಬ್ಯಾಗು, ಬೀಗ, ಪಂಕ್ಚರ್ ಕಿಟ್ ಇವು ಬಾಡಿಗೆಯಲ್ಲಿ ಸೇರಿವೆಯೇ ಅಂತ ಮೊದಲೇ ಖಚಿತ ಮಾಡಿಕೊಳ್ಳಿ. ಬ್ಯಾಟರಿ ಸೈಕಲ್ ಬೇಕಿದ್ದರೆ ಬಾಡಿಗೆ ಬಿಟ್ಟು ದಾರಿಯೇ ಇಲ್ಲ. ಆ ಗಾತ್ರದ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಬಿಡುವುದಿಲ್ಲ.

ಎರಡು ಮೂರು ವಾರ ಹೋಗುವವರು ಸ್ವಂತ ಸೈಕಲ್ ಒಯ್ಯಬಹುದು. ಸೈಕಲ್ ಅಂಗಡಿಯಲ್ಲಿ ಹೊಸ ಸೈಕಲ್ ಬಂದ ರಟ್ಟಿನ ಡಬ್ಬ ಕೇಳಿ, ಬಹಳ ಕಡೆ ಸುಮ್ನೆ ಕೊಡುತ್ತಾರೆ. ಪೆಡಲ್ ಬಿಚ್ಚುವಾಗ ಎಡಗಡೆಯದಕ್ಕೆ ಥ್ರೆಡ್ ಉಲ್ಟಾ ಇರುತ್ತದೆ ಅನ್ನುವುದು ನೆನಪಿರಲಿ. ಹ್ಯಾಂಡಲ್ ತಿರುಗಿಸಿ, ಮುಂದಿನ ಚಕ್ರ ತೆಗೆದು, ಫೋರ್ಕ್‌ನ ತುದಿಗಳ ನಡುವೆ ಮರದ ತುಂಡೋ ಪ್ಲಾಸ್ಟಿಕ್ ಕಡ್ಡಿಯೋ ಸಿಗಿಸಿ. ಡಬ್ಬ ಅಡಿಮೇಲಾದರೂ ಫೋರ್ಕ್ ಬಾಗುವುದಿಲ್ಲ.

ಟೈರು ಗರಾನ್ ಕಾಲುವೆಗೆ 32 ಮಿಲಿಮೀಟರ್ ಇದ್ದರೂ ನಡೆಯುತ್ತದೆ. ತುಲೂಸ್‌ನಿಂದ ಮುಂದೆ ಸಮುದ್ರದ ಕಡೆಗಿನ ಮಿದಿ ಕಾಲುವೆಗೂ ಹೋಗುತ್ತೀರಾದರೆ 40 ಹಾಕಿಸಿ. ರೇಸಿಂಗ್ ಸೈಕಲ್‌ನ ತೆಳು ಟೈರಿಗೆ ಈ ದಾರಿಗಳಲ್ಲಿ ಕೆಲಸವಿಲ್ಲ.

ಲಗೇಜು ಹಗುರ ಇರಲಿ. ಎರಡು ಜೊತೆ ಸವಾರಿಯ ಬಟ್ಟೆ, ಸಂಜೆಗೆ ಒಂದು ಜೊತೆ, ಮಳೆ ಜಾಕೆಟ್, ಚಪ್ಪಲಿ. ದಿನಾ ಒಗೆದು ಹಾಕಿದರೆ ಬೆಳಿಗ್ಗೆಗೆ ಒಣಗುತ್ತದೆ, ಒಣಗದಿದ್ದರೆ ಬ್ಯಾಗಿನ ಮೇಲೆ ಕ್ಲಿಪ್ ಹಾಕಿ ಹೊರಡಿ.

ಹಂತ 6: ಬೋರ್ಡೊದಿಂದ ತುಲೂಸ್, ದಿನದಿಂದ ದಿನಕ್ಕೆ

ಇಲ್ಲಿ ಕೊಟ್ಟಿರುವುದು ಐದು ದಿನದ ಹಂಚಿಕೆ. ದಿನಕ್ಕೆ ನೂರು ಕಿಲೋಮೀಟರ್ ತುಳಿಯುವವರು ಮೂರೇ ದಿನಕ್ಕೆ ಮುಗಿಸುತ್ತಾರೆ. ಮುಗಿಸಿ ಮಾಡುವುದೇನು, ಅಲ್ವಾ?

ಮೊದಲ ದಿನ ಬೋರ್ಡೊದಿಂದ ಸೋವ್ತೆರ್ ದ ಗುಯೆನ್, ಸುಮಾರು 60 ಕಿಲೋಮೀಟರ್. ಕಲ್ಲಿನ ಹಳೇ ಸೇತುವೆ ದಾಟಿ ಗರಾನ್ ನದಿಯ ಬಲದಂಡೆಗೆ ಬನ್ನಿ. ನೀರಿನ ಪಕ್ಕದಲ್ಲೇ ಲಾತ್ರೆನ್ ತನಕ ಹೋದರೆ ಅಲ್ಲಿಂದ ಹಳೇ ರೈಲು ಮಾರ್ಗ ಶುರು. ಇದಕ್ಕೆ ರೋಜೆ ಲಪೆಬಿ ಹೆಸರಿಟ್ಟಿದ್ದಾರೆ. 1937ರ ಟೂರ್ ದ ಫ್ರಾನ್ಸ್ ಗೆದ್ದವನು, ಗೇರ್ ಬದಲಿಸುವ ಡಿರೇಲರ್ ಹಾಕಿದ ಸೈಕಲ್‌ನಲ್ಲಿ ಆ ಪಂದ್ಯ ಗೆದ್ದ ಮೊದಲಿಗ. ದ್ರಾಕ್ಷಿ ತೋಟ, ಓಕ್ ಕಾಡು, ಮಧ್ಯೆ ಮಧ್ಯೆ ಹಳ್ಳಿ ರಸ್ತೆ ಅಡ್ಡ ಬರುತ್ತದೆ. ಅಡ್ಡ ಬಂದಲ್ಲೆಲ್ಲ ಗೇಟಿನಂಥ ಕಂಬಿಗಳಿವೆ. ಸೈಡ್ ಬ್ಯಾಗು ಅಗಲವಾಗಿದ್ದರೆ ನಿಧಾನ ಮಾಡಿ, ಕಂಬಿಗೆ ತಗುಲುತ್ತದೆ. ರಸ್ತೆಯವರಿಗೇ ಮೊದಲ ಹಕ್ಕು, ನೀವು ನಿಲ್ಲಬೇಕು.

ಕ್ರೆಯೋನ್‌ನ ಹಳೇ ಸ್ಟೇಷನ್ ಈಗ ಸೈಕಲ್ ಕೇಂದ್ರ. ನೀರು, ಶೌಚಾಲಯ, ರಿಪೇರಿ ಸಿಗುತ್ತದೆ. ಅಲ್ಲಿಗೆ ಬರುವ ತನಕ ದಾರಿ ಮೆಲ್ಲಗೆ ಏರುತ್ತಲೇ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ತೊಡೆಗೆ ತಿಳಿಯುತ್ತದೆ. ಸ್ವಲ್ಪ ಮುಂದೆ ಲಾ ಸೋವ್ ಅನ್ನುವ ಊರಿನಲ್ಲಿ ಪಾಳುಬಿದ್ದ ದೊಡ್ಡ ಮಠ ಇದೆ. ದಾರಿ ಬಿಟ್ಟು ಹತ್ತು ನಿಮಿಷ ಮೇಲೆ ಹತ್ತಿ ನೋಡಿ ಬನ್ನಿ. ಸೋವ್ತೆರ್‌ನಲ್ಲಿ ನಾಲ್ಕು ಹೆಬ್ಬಾಗಿಲುಗಳ ಹಳೇ ಊರು, ನಡುವೆ ಕಮಾನುಗಳ ಚೌಕ. ರಾತ್ರಿಗೆ ಒಳ್ಳೆ ಜಾಗ.

ಎರಡನೇ ದಿನ ಮಾತ್ರ ಸ್ವಲ್ಪ ಎಚ್ಚರ. ಸೋವ್ತೆರ್‌ನಿಂದ ಕಾಲುವೆ ಸೇರುವ ತನಕ ಇಪ್ಪತ್ತು ಕಿಲೋಮೀಟರ್ ಆಸುಪಾಸು ಸಣ್ಣ ರಸ್ತೆ. ಇಡೀ ಪ್ರವಾಸದಲ್ಲಿ ಕಾರಿನ ಜೊತೆ ಹೋಗುವ ದೊಡ್ಡ ತುಂಡು ಇದೊಂದೇ. ಬೆಳಿಗ್ಗೆ ಬೇಗ ಹೊರಟರೆ ಟ್ರ್ಯಾಕ್ಟರ್ ಬಿಟ್ಟು ಇನ್ನೇನೂ ಎದುರಾಗುವುದಿಲ್ಲ. ಏರಿಳಿತ ಇದೆ. ಲಾ ರಿಯೋಲ್ ದಾಟಿ ನದಿಯ ಆಚೆ ಫೋಂತೆ ತಲುಪಿದರೆ ಗರಾನ್ ಕಾಲುವೆ.

ಇಲ್ಲಿಂದ ತುಲೂಸ್ ತನಕ ಕಾಲುವೆ ಏರಿಯ ಮೇಲೇ ಸವಾರಿ. ಮಂಡ್ಯ ಕಡೆ ವಿ.ಸಿ. ನಾಲೆ ಏರಿಯ ಮೇಲೆ ಸೈಕಲ್ ಹೊಡೆದವರಿಗೆ ಚಿತ್ರ ಕಣ್ಣಿಗೆ ಬಂದೇ ಬರುತ್ತದೆ: ಒಂದು ಕಡೆ ನಿಂತಂತೆ ಕಾಣುವ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ಹೊಲ. ಮೊದಲು ಈ ಏರಿ ದೋಣಿ ಎಳೆಯುವ ಕುದುರೆಗಳು ನಡೆಯಲು ಇದ್ದದ್ದು. 1838ರಲ್ಲಿ ಕೆಲಸ ಶುರುವಾಗಿ 1856ರಲ್ಲಿ ಕಾಲುವೆ ಮುಗಿಯಿತು. ಅಷ್ಟರಲ್ಲೇ ಪಕ್ಕದಲ್ಲಿ ರೈಲೂ ಬಂತು, ಕಾಲುವೆಯ ವ್ಯಾಪಾರ ಬಿತ್ತು. ಇವತ್ತು ಆ ರೈಲೇ ನಿಮಗೆ ಆಪದ್ಬಾಂಧವ.

ಸಾಲು ಮರದ ನೆರಳಿನಲ್ಲಿ ತುಳಿಯುವಾಗ ನೆಲದ ಮೇಲೂ ಒಂದು ಕಣ್ಣಿಡಿ. ಚಿನಾರ್ ಜಾತಿಯ ಪ್ಲೇನ್ ಮರಗಳ ಬೇರು ಡಾಂಬರನ್ನು ಎತ್ತಿ ಅಡ್ಡಡ್ಡ ಉಬ್ಬು ಮಾಡಿರುತ್ತದೆ. ನೆರಳು ಬಿಸಿಲಿನ ಚುಕ್ಕಿ ಆಟದಲ್ಲಿ ಉಬ್ಬು ಕಾಣುವುದೇ ಇಲ್ಲ. ಎರಡು ಸಲ ದಡಬಡ ಅಂದ ಮೇಲೆ ಬ್ಯಾಗಿನ ಕೊಕ್ಕೆ ಕಳಚಿ ಚಕ್ರಕ್ಕೆ ಸಿಗಬಹುದು. ಬೆಳಿಗ್ಗೆ ಹೊರಡುವ ಮುಂಚೆ ಕೊಕ್ಕೆಗಳನ್ನೊಮ್ಮೆ ಅಲ್ಲಾಡಿಸಿ ನೋಡಿ.

ದಾರಿಯಲ್ಲಿ ಲ ಮಾಸ್ ದಜನೆ ಅನ್ನುವ ಪುಟ್ಟ ಊರು ಏರಿಯ ಮೇಲುಗಡೆ ಇದೆ. ಈ ಊರ ಚರ್ಚಿಗೆ ಸೇರಿದ ಒಂದು ಚಿತ್ರ ಇದೆ, 1631ರಲ್ಲಿ ರೆಂಬ್ರಾಂಟ್ ಬರೆದ ಶಿಲುಬೆಯ ಮೇಲಿನ ಕ್ರಿಸ್ತ. ದೊಡ್ಡ ದೊಡ್ಡ ಮ್ಯೂಸಿಯಂಗಳು ಬಾಯಿ ಚಪ್ಪರಿಸುವಂಥ ಚಿತ್ರ ಒಂದು ಹಳ್ಳಿಯ ಪಾಲಿಗೆ ಬಂದಿದೆ! ಆವತ್ತು ದಮಝಾನ್ ಅಥವಾ ಬ್ಯುಝೆಯಲ್ಲಿ ತಂಗಿದರೆ ಒಟ್ಟು 70 ಕಿಲೋಮೀಟರ್ ಆಗುತ್ತದೆ.

ಮೂರನೇ ದಿನ ಬರೀ 35 ಕಿಲೋಮೀಟರ್, ಅಜಾನ್ ತನಕ. ಕಡಿಮೆ ಇಟ್ಟದ್ದು ಬೇಕೆಂದೇ. ಅಜಾನ್‌ಗೆ ಸ್ವಲ್ಪ ಮುಂಚೆ ನಾಲ್ಕು ಲಾಕ್‌ಗೇಟ್‌ಗಳು ಒಂದರ ಹಿಂದೆ ಒಂದು ಬರುತ್ತವೆ. ದೋಣಿ ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತದೆ. ಅಲ್ಲಿ ನಿಂತು ಒಂದು ದೋಣಿ ಪೂರ್ತಿ ಹತ್ತುವುದನ್ನು ನೋಡಿ. ಗೇಟು ಮುಚ್ಚುತ್ತದೆ, ನೀರು ಕೆಳಗಿನಿಂದ ಕುದಿದಂತೆ ಉಕ್ಕುತ್ತದೆ, ದೋಣಿಯವನು ಹಗ್ಗ ಬಿಗಿ ಹಿಡಿದು ನಿಲ್ಲುತ್ತಾನೆ, ನಿಮ್ಮ ಕಾಲಿನ ಮಟ್ಟಕ್ಕೆ ಅವನ ತಲೆ ಬಂದು ಆಮೇಲೆ ಪೂರ್ತಿ ದೋಣಿ ಬರುತ್ತದೆ. ಅಲ್ಲಿಂದ ಮುಂದೆ ಕಾಲುವೆಯೇ ಸೇತುವೆ ಹತ್ತಿ ಗರಾನ್ ನದಿಯನ್ನು ದಾಟುತ್ತದೆ. 539 ಮೀಟರ್ ಉದ್ದ, 23 ಕಮಾನು. ಕೆಳಗೆ ನದಿ, ಮೇಲೆ ಕಾಲುವೆ, ಅದರ ಅಂಚಿನಲ್ಲಿ ನೀವು. ದಾರಿ ಇಕ್ಕಟ್ಟು, ಎದುರಿಗೆ ಜನ ಬರುತ್ತಾರೆ. ಇಳಿದು ತಳ್ಳಿಕೊಂಡೇ ಹೋಗಿ. ಅಜಾನ್ ಒಣ ಪ್ಲಮ್‌ಗೆ ಹೆಸರುವಾಸಿ, ಮುಂದಿನ ಎರಡು ದಿನಕ್ಕೆ ಒಂದು ಪೊಟ್ಟಣ ಕೊಂಡಿಟ್ಟುಕೊಳ್ಳಿ.

ನಾಲ್ಕನೇ ದಿನ ಮ್ವಾಸಾಕ್, ಸುಮಾರು 45 ಕಿಲೋಮೀಟರ್. ಗೋಲ್ಫೆಶ್ ಅಣುವಿದ್ಯುತ್ ಕೇಂದ್ರದ ಎರಡು ದೈತ್ಯ ಗೋಪುರಗಳು ತಾಸುಗಟ್ಟಲೆ ಕಣ್ಣೆದುರೇ ಇರುತ್ತವೆ, ಎಷ್ಟು ತುಳಿದರೂ ಹತ್ತಿರ ಬಂದಂತೆ ಅನ್ನಿಸುವುದಿಲ್ಲ. ಮ್ವಾಸಾಕ್‌ನ ಮಠದ ಒಳಾಂಗಣ 1100ರಲ್ಲಿ ಮುಗಿದದ್ದು. ಸುತ್ತ ಕಂಬಗಳು, ಪ್ರತಿ ಕಂಬದ ತಲೆಯ ಮೇಲೂ ಬೇರೆ ಕೆತ್ತನೆ. ಬೇಲೂರು ನೋಡಿದವರು ಗೊಂಬೆಗಳ ಬಳುಕನ್ನು ಇಲ್ಲಿ ಹುಡುಕಬೇಡಿ. ಇಲ್ಲಿನ ಕೆತ್ತನೆ ಮೊಂಡು, ಕತೆ ಹೇಳುವ ಆತುರದ್ದು. ಸೆಪ್ಟೆಂಬರ್‌ನಲ್ಲಿ ಹೋದರೆ ಶಾಸ್ಲಾ ದ್ರಾಕ್ಷಿ ತಿನ್ನಿ. ತೆಳು ಸಿಪ್ಪೆಯ ಹೊಂಬಣ್ಣದ ಈ ದ್ರಾಕ್ಷಿ ಈ ಊರಿನದೇ ಹೆಮ್ಮೆ.

ಐದನೇ ದಿನ ಸುಮಾರು 65 ಕಿಲೋಮೀಟರ್. ಊರು ಬಿಟ್ಟ ಸ್ವಲ್ಪ ಹೊತ್ತಿಗೇ ಇನ್ನೊಂದು ನೀರಿನ ಸೇತುವೆ, ಕಾಕೋರ್, ತಾರ್ನ್ ನದಿಯ ಮೇಲೆ. 1930ರ ಪ್ರವಾಹದಲ್ಲಿ ಪಕ್ಕದ ರೈಲು ಸೇತುವೆ ಕೊಚ್ಚಿಹೋದಾಗ ಹೊಸದು ಕಟ್ಟುವ ತನಕ ರೈಲನ್ನು ಈ ಕಾಲುವೆ ಸೇತುವೆಯ ಮೇಲೇ ಓಡಿಸಿದ್ದರು. ಮೊಂಟೆಶ್‌ನಲ್ಲಿ 1974ರ ಒಂದು ವಿಚಿತ್ರ ಯಂತ್ರ ಇದೆ. ಎರಡು ಡೀಸೆಲ್ ಎಂಜಿನ್‌ಗಳು ಇಳಿಜಾರಿನ ತೊಟ್ಟಿಯಲ್ಲಿ ನೀರನ್ನೂ ಅದರ ಮೇಲಿನ ದೋಣಿಯನ್ನೂ ಒಟ್ಟಿಗೆ ಮೇಲಕ್ಕೆ ತಳ್ಳುತ್ತಿದ್ದವು, ಐದು ಲಾಕ್ ಕಾಯುವ ಸಮಯ ಉಳಿಯಲಿ ಅಂತ. ಈಗ ನಿಂತಿದೆ, ನೋಡಲು ಇಟ್ಟಿದ್ದಾರೆ. ಇಲ್ಲಿಂದ ತುಲೂಸ್ ತನಕದ ದಾರಿ ನೇರ, ಕೊನೆಗೆ ಬೇಸರವೇ. ಹೆದ್ದಾರಿಯ ಸದ್ದು ಮೊದಲ ಸಲ ಕಿವಿಗೆ ಬೀಳುತ್ತದೆ. ತುಲೂಸ್‌ನ ಅವಳಿ ಸೇತುವೆಗಳ ಬಳಿ ಮೂರು ಕಾಲುವೆ ಕೂಡುತ್ತವೆ. ಅಲ್ಲಿಂದ ಮಿದಿ ಕಾಲುವೆಯ ಪಕ್ಕ ಹಿಡಿದರೆ ಮಾತಬಿಯೊ ರೈಲು ನಿಲ್ದಾಣದ ಮುಂದೆಯೇ ಬರುತ್ತೀರಿ.

ಹಂತ 7: ಊಟ, ನೀರು

ಅಂಗಡಿಯ ವೇಳೆ ಕಲಿತವನೇ ಈ ದೇಶದಲ್ಲಿ ಹಸಿಯದೆ ಇರಬಲ್ಲ. ಹಳ್ಳಿಗಳಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡು, ಎರಡೂವರೆವರೆಗೆ ಬಾಗಿಲು ಹಾಕಿರುತ್ತದೆ. ಭಾನುವಾರ ಮಧ್ಯಾಹ್ನದ ಮೇಲೆ ಏನೂ ಇಲ್ಲ. ಸೋಮವಾರ ಬಹಳಷ್ಟು ಬೇಕರಿ, ಹೋಟೆಲು ರಜೆ. ಅಂದರೆ ಶನಿವಾರ ಸಂಜೆಯೇ ಬುತ್ತಿ ಕಟ್ಟಿಕೊಳ್ಳಬೇಕು. ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡು. ಎರಡೂಕಾಲಕ್ಕೆ ಹೋದರೆ ನಗುತ್ತಲೇ ಇಲ್ಲ ಅನ್ನುತ್ತಾರೆ.

ಸಸ್ಯಾಹಾರಿಗಳಿಗೆ ನೈರುತ್ಯ ಫ್ರಾನ್ಸ್ ಸುಲಭದ ಜಾಗ ಅಲ್ಲ. ಬಾತುಕೋಳಿ ಇಲ್ಲಿನ ದೇವರು. ಆಲೂಗಡ್ಡೆಯನ್ನೂ ಅದರ ಕೊಬ್ಬಿನಲ್ಲೇ ಹುರಿಯುವ ಹೋಟೆಲುಗಳಿವೆ. ಸಲಾಡ್ ತಾನೇ ಅಂತ ಹೇಳಿದರೆ ಹಂದಿಮಾಂಸದ ಸಣ್ಣ ತುಂಡು ಉದುರಿಸಿ ತರುತ್ತಾರೆ, ಅದು ಅವರ ಲೆಕ್ಕದಲ್ಲಿ ಮಾಂಸವೇ ಅಲ್ಲವೇನೋ. 'ಸಾನ್ ವಿಯಾಂದ್, ಸಾನ್ ಪ್ವಾಸೋನ್, ಸಾನ್ ಲಾರ್ದೋನ್' ಅಂತ ಮೂರನ್ನೂ ಹೇಳಿ: ಮಾಂಸ ಬೇಡ, ಮೀನು ಬೇಡ, ಆ ತುಂಡೂ ಬೇಡ. ಬಿಸಿ ಮೇಕೆ ಚೀಸ್ ಇಟ್ಟ ಸಲಾಡ್ ಎಲ್ಲ ಕಡೆ ಸಿಗುತ್ತದೆ. ಮೊಟ್ಟೆ ತಿನ್ನುವವರಿಗೆ ಆಮ್ಲೆಟ್. ಚೀಸ್‌ಗೆ ಕರುವಿನ ಹೊಟ್ಟೆಯಿಂದ ಬರುವ ಹೆಪ್ಪು ಹಾಕುವುದುಂಟು, ಅದು ಆಗದವರು ಲೇಬಲ್ ನೋಡಬೇಕು.

ನಿಜವಾಗಿ ಕೈ ಹಿಡಿಯುವುದು ಬೇಕರಿಯ ಬ್ರೆಡ್, ಸಂತೆಯ ಟೊಮೇಟೊ, ಕರ್ಬೂಜ, ಮತ್ತು ನಿಮ್ಮ ಬ್ಯಾಗಿನ ಚಟ್ನಿಪುಡಿ. ಬಿಸಿ ಬ್ರೆಡ್‌ಗೆ ಆಲಿವ್ ಎಣ್ಣೆ, ಮೇಲೆ ಶೇಂಗಾ ಚಟ್ನಿಪುಡಿ ಹಾಕಿ ತಿಂದರೆ ಬಾತುಕೋಳಿಯ ಹಂಗಿಲ್ಲ. ತುಪ್ಪ, ಪೇಡ ಮಾತ್ರ ಒಯ್ಯಬೇಡಿ. ಹಾಲಿನ ಪದಾರ್ಥ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ.

ನೀರಿಗೆ ಅಲ್ಲಿನ ಸೈಕಲ್ ಸವಾರರ ಗುಟ್ಟು ಒಂದಿದೆ: ಊರ ಸ್ಮಶಾನ. ಹೂವಿನ ಕುಂಡಗಳಿಗೆ ನೀರು ಹಾಕಲು ಅಲ್ಲಿ ನಲ್ಲಿ ಇದ್ದೇ ಇರುತ್ತದೆ. ನಮ್ಮವರಿಗೆ ಮೊದಲು ಮನಸ್ಸು ಒಪ್ಪುವುದಿಲ್ಲ, ಬಾಯಾರಿದ ಮೇಲೆ ಒಪ್ಪುತ್ತದೆ. ನಲ್ಲಿಯ ಮೇಲೆ 'ನೊನ್ ಪೊತಾಬ್ಲ್' ಅಂತಿದ್ದರೆ ಕುಡಿಯಬಾರದು. ಕಾಲುವೆ ನೀರು ಕೈ ತೊಳೆಯಲೂ ಬೇಡ.

ಹಂತ 8: ರಾತ್ರಿ ಎಲ್ಲಿ

ಬಾಗಿಲ ಮೇಲೆ 'ಅಕ್ಯೋಯ್ ವೆಲೊ' ಚಿಹ್ನೆ ಹುಡುಕಿ. ಸೈಕಲ್ ದಾರಿಯಿಂದ 5 ಕಿಲೋಮೀಟರ್ ಒಳಗಿರುವ, ಸೈಕಲ್ ಭದ್ರವಾಗಿಡಲು ಜಾಗ ಮತ್ತು ರಿಪೇರಿ ಸಾಮಾನು ಇರುವ ಮನೆ, ಹೋಟೆಲು, ಕ್ಯಾಂಪಿಂಗ್ ಜಾಗಗಳಿಗೆ ಇದನ್ನು ಕೊಡುತ್ತಾರೆ. ಮನೆಯವರೇ ಕೋಣೆ ಬಾಡಿಗೆ ಕೊಡುವ ಕಡೆ ರಾತ್ರಿ ಊಟ ಬೇಕೆಂದು ಹಿಂದಿನ ದಿನವೇ ತಿಳಿಸಿ, ಸಸ್ಯಾಹಾರ ಅನ್ನುವುದನ್ನೂ. ಹೇಳಿದರೆ ಪ್ರೀತಿಯಿಂದ ಮಾಡುತ್ತಾರೆ. ಹೇಳದೆ ಮೇಜಿನ ಮುಂದೆ ಕೂತು ಬೇಡ ಅಂದರೆ ಅವರಿಗೂ ಸಂಕಟ.

ಟೆಂಟ್ ಒಯ್ಯುವವರಿಗೆ ಊರಿನ ಪಂಚಾಯಿತಿಯೇ ನಡೆಸುವ ಕ್ಯಾಂಪಿಂಗ್ ಜಾಗಗಳು ಅಗ್ಗ, ಚೊಕ್ಕ. ಏರಿಯ ಮೇಲೆ ಎಲ್ಲೆಂದರಲ್ಲಿ ಟೆಂಟ್ ಹಾಕಬೇಡಿ. ಅಡುಗೆ ಗ್ಯಾಸಿನ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು. ಹಳ್ಳಿ ಅಂಗಡಿಗಳಲ್ಲಿ ಸಿಗುವುದು ಕ್ಯಾಂಪಿಂಗ್‌ಗ್ಯಾಸ್‌ನ ಕ್ಲಿಪ್ ಮಾದರಿ. ನಿಮ್ಮ ಒಲೆ ತಿರುಪಿನದಾದರೆ ಬೋರ್ಡೊದ ಡೆಕಾಥ್ಲಾನ್‌ನಲ್ಲೇ ಡಬ್ಬಿ ತೆಗೆದುಕೊಂಡು ಹೊರಡಿ.

ಹಂತ 9: ನಿಯಮ

ಬಲಗಡೆಗೆ ಹೋಗಬೇಕು. ಕಾರಿಲ್ಲದ ದಾರಿಯಲ್ಲೂ ಅಷ್ಟೆ. ನಮ್ಮ ಕೈ ತಾನಾಗಿ ಎಡಕ್ಕೆ ಎಳೆಯುವುದು ಬೆಳಿಗ್ಗೆ ಹೊರಡುವಾಗ ಮತ್ತು ಊಟ ಮುಗಿಸಿ ಸೈಕಲ್ ಹತ್ತುವಾಗ. ಬೆಲ್, ದೀಪ, ರಿಫ್ಲೆಕ್ಟರ್ ಕಡ್ಡಾಯ. ಊರ ಹೊರಗೆ ಕತ್ತಲಲ್ಲೋ ಮಂಜಿನಲ್ಲೋ ಹೊಳೆಯುವ ಜಾಕೆಟ್ ಹಾಕಲೇಬೇಕು. 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ದೊಡ್ಡವರಿಗೆ ಕಾನೂನಿನಲ್ಲಿ ಇಲ್ಲ, ನೀವು ಹಾಕಿಕೊಳ್ಳಿ. ಇಯರ್‌ಫೋನ್ ಹಾಕಿ ಸವಾರಿ ಮಾಡಿದರೆ 135 ಯೂರೋ ದಂಡ. ದ್ರಾಕ್ಷಿ ತೋಟಗಳ ಊರು ಅಂತ ರುಚಿ ನೋಡುತ್ತಾ ಹೋಗುವವರು ಗಮನಿಸಿ, ಕುಡಿದು ಓಡಿಸಬಾರದೆನ್ನುವ ಮಿತಿ ಸೈಕಲ್‌ಗೂ ಇದೆ. ನಡೆಯುವವರಿಗೆ ದಾರಿ ಬಿಡಿ. ದೂರದಿಂದಲೇ ಒಮ್ಮೆ ಬೆಲ್ ಮಾಡಿ, ಹತ್ತಿರ ಬಂದಾಗ 'ಬೊಂಜೂರ್' ಅನ್ನಿ. ಅನ್ನದೆ ಹೋದರೆ ಒರಟ ಅಂದುಕೊಳ್ಳುತ್ತಾರೆ. ಅಪಾಯವಾದರೆ ಫೋನ್ 112.

ಹಂತ 10: ತುಲೂಸ್ ನಂತರ

ಕಾಲು ಇನ್ನೂ ಕೇಳಿದರೆ ಮಿದಿ ಕಾಲುವೆ ಹಿಡಿದು ಮೆಡಿಟರೇನಿಯನ್ ಸಮುದ್ರದ ತನಕ ಹೋಗಬಹುದು. ಪಿಯೆರ್ ಪಾಲ್ ರಿಕೆಯ ಯೋಜನೆಯಂತೆ 1666ರಿಂದ 1681ರವರೆಗೆ ಕಟ್ಟಿದ 240 ಕಿಲೋಮೀಟರ್ ಕಾಲುವೆ ಇದು. 1996ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹೆಸರು ಇದರದೇ ದೊಡ್ಡದು. ಸವಾರಿಗೆ ಮಾತ್ರ ಗರಾನ್ ಕಾಲುವೆಯಷ್ಟು ಸಲೀಸಲ್ಲ. ಮೊದಲ ಐವತ್ತು ಕಿಲೋಮೀಟರ್, ಪೋರ್ಟ್ ಲೊರಾಗೆ ತನಕ, ಒಳ್ಳೆ ಡಾಂಬರು. ಆಮೇಲೆ ಮಣ್ಣು, ಜಲ್ಲಿ. ಕಾರ್ಕಸೊನ್ ದಾಟಿದ ಮೇಲೆ ಕೆಲವು ಕಡೆ ಒಂದಡಿ ಅಗಲದ ಕಾಲುದಾರಿ, ಎರಡೂ ಕಡೆ ಬೇರು. ದುರಸ್ತಿ ವರ್ಷ ವರ್ಷ ಮುಂದುವರಿಯುತ್ತಿದೆ, ಹೊರಡುವ ವಾರ ಒಮ್ಮೆ ವಿಚಾರಿಸಿ. ಹಳೇ ಫೋಟೋಗಳಲ್ಲಿ ಕಾಣುವ ನೆರಳಿನ ಸಾಲು ಈಗ ಎಲ್ಲ ಕಡೆ ಇಲ್ಲ. ಪ್ಲೇನ್ ಮರಕ್ಕೆ ತಗುಲಿದ ಶಿಲೀಂಧ್ರ ರೋಗ 2006ರಲ್ಲಿ ಇಲ್ಲಿ ಕಾಣಿಸಿತು. ಮದ್ದಿಲ್ಲ. ಸಾವಿರಾರು ಮರ ಕಡಿದು ಬೇರೆ ಜಾತಿಯ ಸಸಿ ನೆಟ್ಟಿದ್ದಾರೆ. ಆ ತುಂಡುಗಳಲ್ಲಿ ಮಧ್ಯಾಹ್ನ ತುಳಿಯುವುದು ಬೇಡ.

ಸ್ವಲ್ಪ ದೂರ ಸಾಕು ಅನ್ನುವವರಿಗೆ ನೊರೂಝ್ ಎತ್ತರ ಸರಿಯಾದ ಗುರಿ. 189 ಮೀಟರ್, ಕಾಲುವೆಯ ನೆತ್ತಿ. ಬೆಟ್ಟದಿಂದ ತಂದ ನೀರು ಇಲ್ಲಿಗೆ ಬಂದು ಒಂದು ಪಾಲು ಅಟ್ಲಾಂಟಿಕ್ ಕಡೆಗೂ ಇನ್ನೊಂದು ಪಾಲು ಮೆಡಿಟರೇನಿಯನ್ ಕಡೆಗೂ ಹೋಗುತ್ತದೆ. ಪೂರ್ತಿ ಹೋಗುವವರು ಬೆಜಿಯೆ ಊರಿನ ಹತ್ತಿರದ ಫೋನ್ಸೆರಾನ್ ಲಾಕ್‌ಗಳ ಸಾಲನ್ನು ಸಂಜೆ ಬಿಸಿಲು ಇಳಿದ ಮೇಲೆ ನೋಡಿ.

ವಾಪಸು ಬರಲು ರೈಲು. ಊರೂರಿನ ಟಿಇಆರ್ ರೈಲುಗಳಲ್ಲಿ ಸೈಕಲ್ ಬಹುಪಾಲು ಪುಕ್ಕಟೆ, ಜಾಗ ಇದ್ದಷ್ಟು. ಬೋರ್ಡೊ–ತುಲೂಸ್–ಮಾರ್ಸೆಯ್ ಮಾರ್ಗದ ಇಂಟರ್‌ಸಿಟೆ ರೈಲಿಗೆ ಸೈಕಲ್ ಸೀಟು ಮುಂಗಡ ಕಾಯ್ದಿರಿಸಲೇಬೇಕು. ಅತಿವೇಗದ ಟಿಜಿವಿಗಳಲ್ಲಿ ಎಲ್ಲ ರೈಲಿಗೂ ಸೈಕಲ್ ಕೊಕ್ಕೆ ಇರುವುದಿಲ್ಲ, ಇರುವ ರೈಲನ್ನೇ ಹುಡುಕಿ ಕೊಳ್ಳಬೇಕು. ಸಿಗದಿದ್ದರೆ ಮುಂದಿನ ಚಕ್ರ ಬಿಚ್ಚಿ ಸೈಕಲ್ ಚೀಲಕ್ಕೆ ಹಾಕಿದರೆ ಅದು ಬರೀ ಲಗೇಜು. ಸೈಕಲ್ ಟಿಕೆಟನ್ನು ನಿಮ್ಮ ಟಿಕೆಟಿನ ಜೊತೆಯಲ್ಲೇ ಕೊಂಡುಬಿಡಿ. ಬೇಸಿಗೆಯಲ್ಲಿ ಜನರಿಗಿಂತ ಮೊದಲು ಸೈಕಲ್ ಜಾಗವೇ ಖಾಲಿಯಾಗುತ್ತದೆ.